ಗಂಗಪ್ಪನ ಕೈಯ ಪಟ

ಕಳೆದ ತಿಂಗಳು ಬಸವೇಶ್ವರನಗರದ ಒಂದು ಫೋಟೊಗ್ರಫಿ ತರಬೇತಿ ಶಾಲೆಯಿಂದ ನಾಲ್ಕು ಜನ ಹುಡುಗರು ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಐವತ್ತರ ದಶಕದಲ್ಲಿ ಕತ್ತಲೆಯೊಳಗೆ ಓಡುವ, ತಿರುಗುವ ವಸ್ತುಗಳ ಪಟ ಹೇಗೆ ತೆಗೆಯುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬನ್ನಿ ಎಂದು ಅವರ ಮೇಷ್ಟ್ರು ಕಳಿಸಿದ್ದರಂತೆ. "ಆಗೆಲ್ಲಾ ಸಖತ್ ಥ್ರಿಲ್ ಇರ್ತಿತ್ತು ಅಲ್ವಾ ಸಾರ್?" ಎಂದು ಅವರಲ್ಲೊಬ್ಬ ಕೇಳಿದ. ಇತ್ತು ಎಂದೆ. ಕಾಫಿ ಕುಡಿಸಿ, ಬಲ್ಬು ಒಡೆದ ಕತೆಗಳನ್ನು ಹೇಳಿ, ನಗಿಸಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಕಲೆಯನ್ನೆಲ್ಲ ಕೆರೆದು ತೆಗೆದು ಚೊಕ್ಕಟವಾದ ಪಟವನ್ನು ಗಿರಾಕಿಯ ಕೈಗಿಡುವ ಬುದ್ಧಿ ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಭಾಷಣ ಬೇಕಾದವರು ಕಾರ್ಖಾನೆಯ ಹಳೆಯ ಸ್ಮರಣ ಸಂಚಿಕೆಗಳನ್ನು ನೋಡಬಹುದು. ಅವುಗಳಲ್ಲಿ ನನ್ನ ಪಟವೂ ಇದೆ, ಹಾರ ಸಮೇತ.

ನಾನು ಕೆಲಸ ಕಲಿತದ್ದು ಮಾಗಡಿ ರಸ್ತೆಯ ಒಂದು ಸ್ಟುಡಿಯೋದಲ್ಲಿ. ಮಾಲೀಕರು ಶ್ರೀಕಂಠಯ್ಯನವರು. ಅವರ ಎಡ ಹುಬ್ಬು ಅರ್ಧ ಇರಲಿಲ್ಲ. ಹಿಂದಿನ ಕಾಲದ ಫ್ಲ್ಯಾಶ್ ಪೌಡರು ಉರಿದು ಹೋದದ್ದು. ನಾನು ಸೇರುವ ಹೊತ್ತಿಗೆ ಪೌಡರು ಹೋಗಿ ಬಲ್ಬು ಬಂದಿತ್ತು. ಒಂದು ಬಲ್ಬು ಒಂದೇ ಸಲ ಹೊತ್ತುತ್ತದೆ, ಆಮೇಲೆ ಅದು ಕಸ. ಸೀಮೆಯಿಂದ ಬರುತ್ತಿದ್ದ ಸಾಮಾನು, ಹೇಳಿದಾಗ ಸಿಗುತ್ತಿರಲಿಲ್ಲ. ಹಾಗಾಗಿ ಬಲ್ಬು ವ್ಯರ್ಥ ಮಾಡುವವನನ್ನು ಶ್ರೀಕಂಠಯ್ಯನವರು ಅನ್ನ ಚೆಲ್ಲುವವನನ್ನು ಬೈದ ಹಾಗೆ ಬೈಯುತ್ತಿದ್ದರು.

ಅವರಿಂದ ನಾನು ಎರಡು ಅಭ್ಯಾಸಗಳನ್ನು ಕಲಿತೆ. ಮೊದಲನೆಯದು ರೀಟಚಿಂಗ್. ಆಗಿನ ನೆಗೆಟಿವ್ ಎಂದರೆ ಗಾಜಿನ ಪ್ಲೇಟು. ಅದರ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ, ಸಣ್ಣ ಚಾಕುವಿನಿಂದ ಕೆರೆದು, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು, ಗೋಡೆಯ ಮೇಲಿನ ಮಚ್ಚೆ ಎಲ್ಲವನ್ನೂ ಮಾಯ ಮಾಡಬೇಕು. "ಲೋ ಶಂಕರ, ಗಿರಾಕಿ ಕೈಗೆ ಹೋಗೋ ಪಟದಲ್ಲಿ ಒಂದು ಚುಕ್ಕೆ ಇರಕೂಡ್ದು ಕಣೋ. ಇದ್ರೆ ನಾಳೆ ಅವನು ಎದುರಗಡೆ ಸ್ಟುಡಿಯೋಗೆ ಹೋಗ್ತಾನೆ" ಎನ್ನುತ್ತಿದ್ದರು. ಎರಡನೆಯದು, ಕೆಟ್ಟುಹೋದ ಪ್ಲೇಟುಗಳನ್ನು ಎಸೆಯುತ್ತಿರಲಿಲ್ಲ. ಬಿಸಿನೀರು, ವಾಷಿಂಗ್ ಸೋಡಾ ಹಾಕಿ ನೆನೆಸಿದರೆ ಮೇಲಿನ ಪೊರೆ ಕಳಚಿಕೊಳ್ಳುತ್ತದೆ. ಉಳಿದ ಗಾಜನ್ನು ಒರೆಸಿ, ಗಿರಾಕಿಗಳ ಪಟಕ್ಕೆ ಕಟ್ಟು ಹಾಕಲು ಬಳಸುತ್ತಿದ್ದೆವು. ಊರಿನ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಮುಖದ ಮುಂದೆ ನಮ್ಮ ಕೆಟ್ಟ ಪಟಗಳ ಗಾಜು ಇದೆ. ಇವೆರಡೂ ಕಳ್ಳತನವೇನಲ್ಲ, ಎಲ್ಲ ಸ್ಟುಡಿಯೋಗಳಲ್ಲೂ ನಡೆಯುತ್ತಿದ್ದ ರೂಢಿ.

ಕತ್ತಲಲ್ಲಿ ಪಟ ತೆಗೆಯುವ ವಿಧಾನ ಸರಳವಾಗಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ದೀಪ ಆರಿಸಿ, ಶಟರು ತೆರೆದಿಡುವುದು. ಕತ್ತಲೆ ಇರುವವರೆಗೆ ಪ್ಲೇಟಿನ ಮೇಲೆ ಏನೂ ಮೂಡುವುದಿಲ್ಲ. ಬಲ್ಬು ಹೊತ್ತಿದ ಆ ಒಂದು ಗಳಿಗೆ ಮಾತ್ರ ಮೂಡುತ್ತದೆ. ಆಮೇಲೆ ಶಟರು ಮುಚ್ಚುವುದು. ಬರೆಯುವಾಗ ಎಷ್ಟು ಸಲೀಸು ನೋಡಿ. ಕೆಂಗೇರಿಯಲ್ಲಿ ಒಂದು ಮದುವೆಯ ಮೆರವಣಿಗೆಗೆ ಹೋಗಿದ್ದೆ. ಶಟರು ತೆರೆದು ಗಂಡು ಹತ್ತಿರ ಬರಲಿ ಎಂದು ಕಾಯುತ್ತಾ ನಿಂತೆ. ಪೆಟ್ರೋಮ್ಯಾಕ್ಸ್ ಹೊತ್ತವರು ಮುಂದೆ ಸಾಗುತ್ತಿದ್ದಾರೆ ಎನ್ನುವುದು ತಲೆಗೆ ಹೋಗಲಿಲ್ಲ. ಪಟದಲ್ಲಿ ಮದುಮಗನ ಮುಖದ ಅಡ್ಡಕ್ಕೆ ಮೂರು ಬಿಳಿ ಪಟ್ಟೆಗಳು ಮೂಡಿದ್ದವು. ಹೆಣ್ಣಿನ ತಂದೆ ಸ್ಟುಡಿಯೋಗೆ ಬಂದು, "ಏನಪ್ಪಾ ಇದು, ನನ್ನ ಅಳಿಯನ ಮುಖಕ್ಕೆ ವಿಭೂತಿ ಬಳಿದಿದೀಯಲ್ಲ, ನಾವು ನಾಮದೋರು" ಎಂದರು. ಶ್ರೀಕಂಠಯ್ಯನವರು ಎರಡು ದಿನ ಕೂತು ಕೆರೆದು ಆ ಪಟ್ಟೆಗಳನ್ನು ತೆಗೆದರು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಇನ್ನೊಂದು ಪಾಠ ರಾಜಾಜಿನಗರದ ಒಂದು ಮೈದಾನದಲ್ಲಿ ಕಲಿತೆ. ಸಂಜೆ ಬಾಲ್ ಬ್ಯಾಡ್ಮಿಂಟನ್ ಪಂದ್ಯ. ಚೆಂಡು ಬ್ಯಾಟಿಗೆ ತಾಗುವುದನ್ನು ನೋಡಿ ಗುಂಡಿ ಒತ್ತುತ್ತಿದ್ದೆ. ಆರು ಪಟದಲ್ಲೂ ಆಟಗಾರರಿದ್ದಾರೆ, ಬ್ಯಾಟಿದೆ, ಚೆಂಡು ಇಲ್ಲ. ಗುಂಡಿ ಒತ್ತಿದ ಕೂಡಲೇ ಬಲ್ಬು ಪೂರ್ತಿ ಬೆಳಗುವುದಿಲ್ಲ. ಒಳಗಿನ ಎಳೆಗಳಿಗೆ ಬೆಂಕಿ ಹತ್ತಿ ಬೆಳಕು ತುಂಬಲು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಹೊತ್ತು ಬೇಕು. ನಮ್ಮ ಕಣ್ಣು, ಬೆರಳು ಅದಕ್ಕಿಂತ ನಿಧಾನ. ಕಂಡ ಮೇಲೆ ಒತ್ತಿದರೆ ಕಂಡದ್ದು ಸಿಗುವುದಿಲ್ಲ. ಬಹಳ ಯೋಚಿಸಿ ನಾನು ಒಂದು ಉಪಾಯ ಮಾಡಿದೆ. ಓಡುವ ವಸ್ತುವೇ ಗುಂಡಿ ಒತ್ತಲಿ, ನಾನೇಕೆ ಒತ್ತಬೇಕು?

ಆಗ ರಾಜಾಜಿನಗರದಲ್ಲಿ ರಸ್ತೆ ಬಂದಿತ್ತು, ಮನೆ ಬಂದಿರಲಿಲ್ಲ. ಕಂಬ ನೆಟ್ಟಿದ್ದರು, ದೀಪ ಹಾಕಿರಲಿಲ್ಲ. ಅಂಥ ಒಂದು ರಸ್ತೆಯಲ್ಲಿ ಯುವಕ ಸಂಘದವರು ಸೈಕಲ್ ಪಂದ್ಯ ಇಟ್ಟರು. ಬಾವುಟ ಬೀಸಬೇಕಿದ್ದ ದೊಡ್ಡ ಮನುಷ್ಯರು ಎರಡು ಗಂಟೆ ತಡವಾಗಿ ಬಂದದ್ದರಿಂದ ಪಂದ್ಯ ಮುಗಿಯುವಾಗ ಕತ್ತಲಾಗಿತ್ತು. ಗೆಲುವಿನ ಗೆರೆಗಿಂತ ಒಂದು ಗೇಣು ಹಿಂದೆ, ರಸ್ತೆಯ ಮೇಲೆ ಎರಡು ತೆಳು ಹಿತ್ತಾಳೆ ಪಟ್ಟಿಗಳನ್ನು ಒಂದರ ಮೇಲೊಂದು ಮುಟ್ಟದ ಹಾಗೆ ಇಟ್ಟು, ಅವುಗಳಿಂದ ಬಲ್ಬಿಗೆ ತಂತಿ ಎಳೆದೆ. ಮುಂದಿನ ಚಕ್ರ ಹತ್ತಿದ ಕೂಡಲೇ ಪಟ್ಟಿಗಳು ಕೂಡಿಕೊಂಡವು. ಬಲ್ಬು ಬೆಳಗುವ ಹೊತ್ತಿಗೆ ಚಕ್ರ ಸರಿಯಾಗಿ ಗೆರೆಯ ಮೇಲಿತ್ತು. ಒಂದೊಂದು ಕಡ್ಡಿಯನ್ನೂ ಎಣಿಸಬಹುದಾದ ಪಟ ಅದು. ಶ್ರೀಕಂಠಯ್ಯನವರು ಅದನ್ನು ಅಂಗಡಿಯ ಮುಂದೆ ಗಾಜಿನ ಬೀರುವಿನಲ್ಲಿ ಇಟ್ಟರು. ಇಂಥದ್ದನ್ನು ನಾನು ಮಾಡಿದೆನಲ್ಲ ಎಂದು ಎದೆ ಉಬ್ಬಿತ್ತು.

ಅದನ್ನು ಒಬ್ಬರು ಕಾರು ನಿಲ್ಲಿಸಿ ನೋಡಿದರು. ಅವರು ಸುಂದರರಾಜ್, ಸೈಕಲ್ ಬೆಲ್ಲು ಮಾಡುವ ಒಂದು ಕಾರ್ಖಾನೆಯ ಮ್ಯಾನೇಜರು. ಹೊರಗಿನ ವ್ಯಾಪಾರಿಗಳಿಗೆ ತೋರಿಸಲು ಕಾರ್ಖಾನೆಯ ಪಟಗಳ ಆಲ್ಬಂ ಮಾಡಿಸಬೇಕಿತ್ತು. "ಏನ್ರೀ, ಓಡೋ ಸೈಕಲ್ಲನ್ನೇ ನಿಲ್ಲಿಸಿದೀರಿ. ಓಡೋ ಮೆಷೀನನ್ನ ನಿಲ್ಲಿಸ್ತೀರಾ?" ಎಂದರು. ಆರು ತಿಂಗಳ ತಾತ್ಕಾಲಿಕ ಕೆಲಸ, ಮೆಚ್ಚುಗೆಯಾದರೆ ಪರ್ಮನೆಂಟು ಎಂದು ಮಾತಾಯಿತು. ನನ್ನ ಅಪ್ಪ ತೀರಿಕೊಂಡು ವರ್ಷವಾಗಿತ್ತು, ಇಬ್ಬರು ತಂಗಿಯರಿದ್ದರು. ಪರ್ಮನೆಂಟ್ ಎನ್ನುವ ಪದ ನಮ್ಮ ಮನೆಯಲ್ಲಿ ದೇವರ ನಾಮದ ಹಾಗೆ ದಿನಾ ಕೇಳಿಸುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಇದ್ದದ್ದು ಹೀಗೆ ಎಂದು ಹೇಳುತ್ತಿದ್ದೇನೆ.

ಆ ಕಾರ್ಖಾನೆಯಲ್ಲಿ ಬೆಲ್ಲಿನ ಗುಂಡನೆಯ ಮುಚ್ಚಳ ಒತ್ತುವ ಪವರ್ ಪ್ರೆಸ್ಸುಗಳಿದ್ದವು. ಕಾಲಲ್ಲಿ ಪೆಡಲು ತುಳಿದರೆ ಮೇಲಿನ ಭಾರವಾದ ತಲೆ ಒಂದು ಸಲ ಇಳಿದು, ತಗಡನ್ನು ಒತ್ತಿ, ಮೇಲೆ ಹೋಗಿ ನಿಲ್ಲಬೇಕು. ಆಮೇಲೆ ಕೈ ಹಾಕಿ ಮುಚ್ಚಳ ತೆಗೆದು ಹೊಸ ತಗಡು ಇಡಬೇಕು. ಇದು ಗೋಡೆಗೆ ಅಂಟಿಸಿದ ಸೂಚನೆ. ಹಾಗೆ ಮಾಡಿದರೆ ದಿನಕ್ಕೆ ಇಷ್ಟು ಮುಚ್ಚಳ ಆಗಲೇಬೇಕು ಎಂದು ಅದೇ ಗೋಡೆಗೆ ಅಂಟಿಸಿದ್ದ ಲೆಕ್ಕ ಮುಟ್ಟುವುದಿಲ್ಲ. ಆದ್ದರಿಂದ ತಲೆ ಮೇಲೇರಲು ಶುರು ಮಾಡಿದ ಕೂಡಲೇ, ಅದು ನಿಲ್ಲುವ ಮೊದಲೇ, ಕೈ ಹಾಕಿ ಮುಚ್ಚಳ ತೆಗೆಯುವುದನ್ನು ಎಲ್ಲರೂ ಮಾಡುತ್ತಿದ್ದರು. ಹೊಸಬರಿಗೆ ಫೋರ್ಮನ್ನೇ ಅದನ್ನು ಹೇಳಿಕೊಡುತ್ತಿದ್ದ. ಏರುವ ತಲೆ ಪೆಡಲು ತುಳಿಯದೆ ಮತ್ತೆ ಇಳಿಯುವುದಿಲ್ಲ, ಅದರಿಂದ ಭಯವಿಲ್ಲ ಎನ್ನುವುದು ನಂಬಿಕೆ.

ಎಲ್ಲರಿಗಿಂತ ಚುರುಕು ಕೈ ಗಂಗಪ್ಪನದು. ಕೇತಮಾರನಹಳ್ಳಿಯವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ಬಡಾವಣೆಗೆ ಅವರ ಹೊಲ ಹೋದ ಮೇಲೆ ಕಾರ್ಖಾನೆ ಸೇರಿದ್ದ. ಆಲ್ಬಮ್ಮಿಗೆ ಅವನ ಕೈ ಬೇಕೆಂದು ಮ್ಯಾನೇಜರು ಆರಿಸಿದರು. "ಪ್ರೆಸ್ಸು, ಅದರ ಕೆಳಗೆ ಕೈ, ಎರಡೂ ಒಂದೇ ಪಟದಲ್ಲಿ ಬರಬೇಕು. ನಮ್ಮವರ ಸ್ಪೀಡು ನೋಡಿ ಹೊರಗಿನ ವ್ಯಾಪಾರಿಗಳು ದಂಗಾಗಬೇಕು" ಎಂದು ನನಗೆ ಹೇಳಿ ಮನೆಗೆ ಹೋದರು.

ಸಂಜೆಯ ಶಿಫ್ಟಿನಲ್ಲಿ, ಊಟದ ಬಿಡುವಿಗೆ ಎಲ್ಲರೂ ಹೊರಟಾಗ, ಆ ಮೂಲೆಯ ದೀಪ ಆರಿಸಿ ಕೆಲಸ ಶುರು ಮಾಡಿದೆವು. ಕತ್ತಲಲ್ಲಿ ಪ್ರೆಸ್ಸು ನಡೆಸು ಎಂದು ಒಬ್ಬ ಮನುಷ್ಯನಿಗೆ ಹೇಳುವುದು ತಪ್ಪು ಎಂದು ಅಂದು ನನಗೆ ಹೊಳೆಯಲೇ ಇಲ್ಲ. ಗಂಗಪ್ಪ, "ಕಣ್ಣು ಕಟ್ಟಿದ್ರೂ ಮಾಡ್ತೀನಿ ಬಿಡಿ ಸಾರ್" ಎಂದ. ಪ್ರೆಸ್ಸಿನ ತಲೆಯನ್ನು ಏರಿಸಿ ಇಳಿಸುವ ಶಾಫ್ಟು ಮೇಲೆ ಪಕ್ಕಕ್ಕೆ ಚಾಚಿಕೊಂಡಿತ್ತು. ಅದರ ತುದಿಗೆ ಒಂದು ಮೊಳೆ ಕಟ್ಟಿ, ಎದುರಿಗೆ ಹಿತ್ತಾಳೆ ಪಟ್ಟಿ ನಿಲ್ಲಿಸಿದೆ. ಶಾಫ್ಟು ತಿರುಗಿ ಮೊಳೆ ಪಟ್ಟಿಗೆ ತಾಗಿದಾಗ ಬಲ್ಬು ಹೊತ್ತುತ್ತದೆ. ಎಲ್ಲಿ ತಾಗುತ್ತದೆ ಎಂದು ತಿಳಿಯಲು ಶಾಫ್ಟಿನ ತುದಿಯಲ್ಲಿ ಸೀಮೆಸುಣ್ಣದಿಂದ ದಪ್ಪಗೆ ಒಂದು ಗೆರೆ ಎಳೆದೆ. ಗೆರೆ ಗಂಗಪ್ಪನ ಕಡೆಗಿದ್ದರೆ ಪ್ರೆಸ್ಸು ಇಳಿಯುತ್ತಿದೆ ಎಂದರ್ಥ, ಹಿಂದಿನ ಗೋಡೆಯ ಕಡೆಗಿದ್ದರೆ ಏರುತ್ತಿದೆ ಎಂದರ್ಥ.

ಅಬ್ಬರದಿಂದ ಇಳಿಯುವ ಪ್ರೆಸ್ಸಿನ ಪಟ ಚೆನ್ನ ಎಂದುಕೊಂಡು ಮೊದಲು ಇಳಿಯುವ ಕಡೆಗೆ ಹೊಂದಿಸಿದೆ. ಮೂರು ಬಲ್ಬು ಹೊತ್ತಿಸಿ, ಅಲ್ಲೇ ನನಗೆ ಕೊಟ್ಟಿದ್ದ ಕತ್ತಲ ಕೋಣೆಯಲ್ಲಿ ಮೂರು ಪ್ಲೇಟನ್ನೂ ತೊಳೆದು ನೋಡಿದೆ. ಮೂರರಲ್ಲೂ ಪ್ರೆಸ್ಸಿದೆ, ತಗಡಿದೆ, ಕೈ ಇಲ್ಲ. ವಾಪಸ್ಸು ಬಂದು, "ಏನ್ ಗಂಗಪ್ಪ, ನಿಮ್ಮ ಕೈನೇ ಬೀಳ್ತಿಲ್ಲವಲ್ಲ" ಎಂದು ಗೊಣಗಿದೆ.

ಅವನು ನಕ್ಕ. "ಅದು ಇಳಿಯೋವಾಗ ನನ್ನ ಕೈ ಯಾಕಿರ್ತದೆ ಸಾರ್ ಅಲ್ಲಿ? ಆಗ ಕೈ ಹಾಕಿದ್ರೆ ನೀವು ತೆಗೆದ ಪಟಕ್ಕೆ ನಮ್ಮೆಂಗಸರು ಹೂವಿನ ಹಾರ ಹಾಕ್ಬೇಕಾಯ್ತದೆ. ಏರೋವಾಗ ಹೊಡೀರಿ ನಿಮ್ಮ ಬಲ್ಬ."

ಹಿತ್ತಾಳೆ ಪಟ್ಟಿಯನ್ನು ಹಿಂದಕ್ಕೆ ಸರಿಸಿದೆ. ನಾಲ್ಕನೆಯ ಬಲ್ಬಿಗೆ ಪಟ ಸಿಕ್ಕಿತು. ಅರ್ಧ ಎತ್ತರದಲ್ಲಿ ಪ್ರೆಸ್ಸಿನ ತಲೆ, ಅದರ ಕೆಳಗೆ ಗಂಗಪ್ಪನ ನಾಲ್ಕು ಬೆರಳು, ಬೆರಳ ತುದಿಯಲ್ಲಿ ಹೊಳೆಯುವ ಮುಚ್ಚಳ. ಅವನ ಉಗುರಿನ ಸಂದಿಯ ಎಣ್ಣೆಯೂ ಕಾಣುತ್ತಿತ್ತು. ಮೇಲೆ, ಶಾಫ್ಟಿನ ತುದಿಯಲ್ಲಿ, ಗೋಡೆಯ ಕಡೆಗೆ ನನ್ನ ಸೀಮೆಸುಣ್ಣದ ಗೆರೆ.

ಮರುದಿನ ನಾನು ಎರಡು ಕೆಲಸ ಮಾಡಿದೆ, ಎರಡೂ ಯಾರೂ ಹೇಳದೆ. ಬೆಳ್ಳಗೆ ಎದ್ದು ಕಾಣುವ ಆ ಗೆರೆ ಮೆಷೀನಿನ ಮೇಲೆ ಕೊಳೆಯಂತೆ ಕಂಡಿತು. ಪ್ಲೇಟಿನ ಮೇಲೆ ಚಾಕುವಿನಿಂದ ಕೆರೆದು, ಪೆನ್ಸಿಲ್ಲಿನಿಂದ ಹದ ಮಾಡಿ, ಗುರುತು ಸಿಗದಂತೆ ತೆಗೆದೆ. ಎಷ್ಟು ನಾಜೂಕಾಗಿ ತೆಗೆದೆನೆಂದರೆ ಶ್ರೀಕಂಠಯ್ಯನವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಮೂರು ಬಲ್ಬು ಹಾಳು ಮಾಡಿದ್ದು ಮ್ಯಾನೇಜರಿಗೆ ಗೊತ್ತಾಗಬಾರದೆಂದು, ಕೈ ಬೀಳದ ಮೂರು ಪ್ಲೇಟುಗಳನ್ನು ಸೋಡಾ ನೀರಿನಲ್ಲಿ ತೊಳೆದು ಬರೀ ಗಾಜು ಮಾಡಿದೆ.

ಮ್ಯಾನೇಜರು ಪಟ ನೋಡಿ ಬಹಳ ಹೊತ್ತು ಕೆಳಗಿಡಲಿಲ್ಲ. ಗಂಗಪ್ಪ ತನಗೂ ಒಂದು ಬೇಕೆಂದು ಕೇಳಿದ. "ಮುಖ ಇಲ್ದೇ ಹೋದ್ರೂ ಪರವಾಗಿಲ್ಲ ಸಾರ್, ಕೈ ನಂದೇ ಅಂತ ನಮ್ಮ ಹಟ್ಟೀಲಿ ಎಲ್ರಿಗೂ ಗೊತ್ತಾಯ್ತದೆ." ತೊಳೆದ ಗಾಜುಗಳಲ್ಲಿ ಒಂದನ್ನು ಹಾಕಿ, ಕಟ್ಟು ಹಾಕಿ ಅವನಿಗೆ ಕೊಟ್ಟೆ.

ಒಂದೂವರೆ ತಿಂಗಳಾಗಿರಬಹುದು. ಬೆಳಗಿನ ಶಿಫ್ಟಿನಲ್ಲಿ ಗಂಗಪ್ಪ ಏರುವ ಪ್ರೆಸ್ಸಿಗೆ ಕೈ ಹಾಕಿದಾಗ, ಪೆಡಲು ತುಳಿಯದೆಯೇ ಅದು ಮತ್ತೊಂದು ಸಲ ಇಳಿಯಿತು. ಬಲಗೈಯ ನಾಲ್ಕು ಬೆರಳು ಹೋದವು. ಅದಕ್ಕೆ ಎರಡು ವಾರ ಮೊದಲಿಂದಲೂ ಆ ಪ್ರೆಸ್ಸು ಒಮ್ಮೊಮ್ಮೆ ಎರಡೇಟು ಹೊಡೆಯುತ್ತಿದೆ, ಒಳಗಿನ ಸ್ಪ್ರಿಂಗು ಸತ್ತಿದೆ ಎಂದು ಕೆಲಸದವರು ಫೋರ್ಮನ್ನಿಗೆ ಹೇಳುತ್ತಲೇ ಇದ್ದರು. ಆಲ್ಬಂ ನೋಡಿ ಬಂದ ಆರ್ಡರು ಮುಗಿಯಲಿ, ಆಮೇಲೆ ಬಿಚ್ಚೋಣ ಎಂದಿದ್ದ ಅವನು.

ಮಾರನೆಯ ದಿನ ನನಗೆ ಅಪಘಾತದ ಮೆಷೀನಿನ ಪಟ ತೆಗೆಯಲು ಹುಕುಂ ಬಂತು. ಹೋಗಿ ನೋಡುತ್ತೇನೆ, ಹೊಸ ಸ್ಪ್ರಿಂಗು ಹಾಕಿದ್ದಾರೆ. ಹಸಿರು ಬಣ್ಣ ಬಳಿದು ಇನ್ನೂ ಒಣಗಿಲ್ಲ. ಆ ಪಟವನ್ನೂ ತೆಗೆದುಕೊಟ್ಟೆ. ಅದರಲ್ಲಿ ಕೆರೆಯಲು ಏನೂ ಇರಲಿಲ್ಲ.

ಗಂಗಪ್ಪನಿಗೆ ಆಸ್ಪತ್ರೆಯಲ್ಲಿದ್ದಾಗಲೇ ಆಪಾದನೆಯ ಪತ್ರ ಹೋಯಿತು. ಇಳಿಯುವ ಪ್ರೆಸ್ಸಿಗೆ ಕೈ ಹಾಕುವುದು ಅವನ ರೂಢಿ, ಅಪಘಾತ ಅವನ ಅಜಾಗರೂಕತೆಯಿಂದ ಆದದ್ದು, ಕೆಲಸದಿಂದ ಏಕೆ ತೆಗೆಯಬಾರದು ಎಂದು. ಪುರಾವೆಯಾಗಿ ನನ್ನ ಪಟ. ಪ್ರೆಸ್ಸು ಅರ್ಧದಲ್ಲಿರುವ ಪಟ ಅದು. ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅದನ್ನು ನೋಡಿ ಬ್ರಹ್ಮನೂ ಹೇಳಲಾರ. ಬೆರಳ ತುದಿಯ ಮುಚ್ಚಳ ಹಿಂದಿನ ಏಟಿನದು, ಅದನ್ನು ತೆಗೆಯುವಾಗಲೇ ಮತ್ತೆ ಪೆಡಲು ತುಳಿದಿದ್ದಾನೆ ಎಂದರೆ ಮುಗಿಯಿತು. ಹೇಳಬಹುದಾಗಿದ್ದ ಗೆರೆಯನ್ನು ನಾನು ಕೆರೆದಿದ್ದೆ. ಇಳಿಯುವಾಗ ಅವನ ಕೈ ಅಲ್ಲಿರಲಿಲ್ಲ ಎಂದು ಹೇಳಬಹುದಾಗಿದ್ದ ಮೂರು ಪ್ಲೇಟುಗಳನ್ನು ತೊಳೆದಿದ್ದೆ. ಉಳಿದದ್ದು ನನ್ನ ಬಾಯಿ ಮಾತ್ರ.

ಒಂದು ಸಲ ಬಾಯಿ ಬಿಟ್ಟೆ, ಅದು ಮ್ಯಾನೇಜರ ಕೋಣೆಯಲ್ಲಿ. "ಸಾರ್, ಆ ಪಟ ಪ್ರೆಸ್ಸು ಏರುವಾಗ ತೆಗೆದದ್ದು" ಎಂದೆ.

ಸುಂದರರಾಜ್ ಪಟವನ್ನು ನನ್ನ ಕಡೆ ತಳ್ಳಿದರು. "ಎಲ್ಲಿ ಕಾಣುತ್ತೆ, ತೋರಿಸಿ."

"ಕಾಣಲ್ಲ ಸಾರ್. ಒಂದು ಗೆರೆ ಇತ್ತು, ನಾನೇ ರೀಟಚ್ ಮಾಡಿ ತೆಗೆದೆ."

"ಅಂದ್ರೆ ಕಂಪನಿಗೆ ತಿದ್ದಿದ ಪಟ ಕೊಟ್ಟಿದೀರಿ ಅಂತಾಯ್ತು. ಇದನ್ನ ನಾನು ಕೇಳಿಸ್ಕೊಂಡಿಲ್ಲ ಅಂದ್ಕೊಳ್ಳಿ." ದನಿ ಏರಿಸಲಿಲ್ಲ ಅವರು. "ಶಂಕರ್, ನಿಮ್ಮ ಆರು ತಿಂಗಳು ಇದೇ ತಿಂಗಳು ಮುಗಿಯುತ್ತಲ್ವಾ? ವಿಚಾರಣೆಗೆ ನಿಮಗೂ ಕರೆ ಬಂದಿದೆ. ಹೋಗಿ, ಪಟದಲ್ಲಿ ಕಾಣೋದನ್ನ ಮಾತ್ರ ಹೇಳಿ. ಕಾಣದ್ದನ್ನ ಹೇಳೋಕೆ ನೀವೇನು ಜ್ಯೋತಿಷಿನಾ?"

ಆ ರಾತ್ರಿ ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ, ಪರ್ಮನೆಂಟ್ ಆರ್ಡರು ಯಾವತ್ತು ಕೊಡ್ತಾರಂತೆ ಎಂದು.

ವಿಚಾರಣೆ ಕಾರ್ಖಾನೆಯ ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ನಡೆಯಿತು. ಕಂಪನಿಯೇ ನೇಮಿಸಿದ ಅಧಿಕಾರಿಯೊಬ್ಬರು ಮೇಜಿನ ಹಿಂದೆ, ಬರೆದುಕೊಳ್ಳುವ ಗುಮಾಸ್ತೆ ಪಕ್ಕದಲ್ಲಿ. ಗಂಗಪ್ಪ ಬೆಂಚಿನ ಮೇಲೆ ಕೂತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗಂಕುಳಲ್ಲಿ ನಾನು ಕೊಟ್ಟ ಪಟ, ಕಟ್ಟು ಸಮೇತ. ಅದನ್ನು ಮನೆಯ ಗೋಡೆಯಿಂದ ಇಳಿಸಿ ತಂದಿದ್ದ. ಅಧಿಕಾರಿಯ ಮುಂದೆ ಅದನ್ನು ಇಟ್ಟು, "ನನ್ನ ಪಟದಾಗೂ ಅದೇ ಐತೆ ಸಾಮಿ. ನಾನೇನೂ ಮುಚ್ಚಿಟ್ಟಿಲ್ಲ" ಎಂದ. ಅಧಿಕಾರಿ ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವನನ್ನು ಉಳಿಸಬಹುದಾಗಿದ್ದ ಪೊರೆ ಒಂದು ಕಾಲಕ್ಕೆ ಆ ಗಾಜಿನ ಮೇಲೇ ಇತ್ತು, ನಾನು ತೊಳೆಯುವವರೆಗೆ. ಅದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಗಂಗಪ್ಪ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಆಗ ಅದು ನನಗೆ ಅರ್ಥವಾಗಲಿಲ್ಲ. "ಹೇಳಿ ಸಾರ್. ನೀವು ಬಲ್ಬ ಹೊಡೆದಾಗ ಪ್ರೆಸ್ಸು ಮ್ಯಾಕ್ಕೆ ಓಯ್ತಿತ್ತೋ, ಕೆಳಕ್ಕೆ ಬತ್ತಿತ್ತೋ?"

ನಾನು ಮೇಜಿನ ಮೇಲಿನ ಪಟವನ್ನು ನೋಡಿದೆ. "ಪಟ ನೋಡಿ ಅದನ್ನ ಹೇಳೋಕೆ ಆಗಲ್ಲ" ಎಂದೆ.

"ಪಟದಿಂದ ತಿಳಿಯುವುದಿಲ್ಲ, ಬರಕೊಳ್ಳಿ" ಎಂದರು ಅಧಿಕಾರಿ. ಗುಮಾಸ್ತೆ ಬರೆದುಕೊಂಡ. ಪಟ ಬಿಟ್ಟು ನಿಮಗೆ ಏನು ಗೊತ್ತು ಎಂದು ಯಾರೂ ಕೇಳಲಿಲ್ಲ. ನಾನು ಆಡಿದ್ದು ಅಕ್ಷರಶಃ ನಿಜ. ಕ್ಯಾಮೆರಾ ಹಿಡಿದವನಿಗೆ ಇದೊಂದು ದೊಡ್ಡ ಅನುಕೂಲ, ನಿಜವನ್ನೇ ಹೇಳಿ ಮೋಸ ಮಾಡಬಹುದು. ಗಂಗಪ್ಪ ಇನ್ನೊಂದು ಪ್ರಶ್ನೆ ಕೇಳುತ್ತಾನೆಂದು ಕಾದೆ. ಅವನು ಕೇಳಲಿಲ್ಲ. ಎಡಗೈಯಿಂದ ಪಟವನ್ನು ಎತ್ತಿಕೊಂಡು ಕೂತ.

ಹದಿನೈದು ದಿನದೊಳಗೆ ಅವನನ್ನು ಕೆಲಸದಿಂದ ತೆಗೆದರು. ಅದೇ ವಾರ ನನಗೆ ಪರ್ಮನೆಂಟ್ ಆರ್ಡರು ಬಂತು. ಮೂವತ್ತೊಂದು ವರ್ಷ ಅಲ್ಲೇ ದುಡಿದೆ.

ತರಬೇತಿ ಶಾಲೆಯ ಹುಡುಗರಿಗೆ ಬೇಕಾಗಿದ್ದ ವಿಷಯವನ್ನೂ ಹೇಳಿಬಿಡುತ್ತೇನೆ. ಆಮೇಲೆ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂತು. ಅದರ ಬೆಳಕು ಬಲ್ಬಿನದಕ್ಕಿಂತ ಎಷ್ಟೋ ಪಾಲು ಚುಟುಕು, ಗುಂಡಿ ಒತ್ತಿದ ಕೂಡಲೇ ಬರುತ್ತದೆ, ಎಷ್ಟು ಸಲ ಬೇಕಾದರೂ ಹೊಡೆಯಬಹುದು. ಒಂದೇ ನೆಗೆಟಿವ್ ಮೇಲೆ ಎರಡು ಸಲ ಹೊಡೆದು, ಎರಡನೆಯದನ್ನು ಮಂಕು ಮಾಡಿದರೆ ವಸ್ತು ಯಾವ ದಿಕ್ಕಿಗೆ ಹೋಗುತ್ತಿತ್ತು ಎಂದು ಮಗುವಿಗೂ ಗೊತ್ತಾಗುತ್ತದೆ. ನನಗೆ ಅದು ಗೊತ್ತಾಗುವ ಹೊತ್ತಿಗೆ ಯಾರಿಗೂ ಬೇಕಾಗಿರಲಿಲ್ಲ. ಕೆಟ್ಟ ನೆಗೆಟಿವುಗಳನ್ನು ಇಟ್ಟುಕೊಳ್ಳಿ. ಫ್ಲ್ಯಾಶನ್ನು ಎಲ್ಲಿಗೆ ಹೊಂದಿಸಿದ್ದಿರಿ ಎಂದು ಲಕೋಟೆಯ ಮೇಲೆ ಬರೆದಿಡಿ. ಕಾರ್ಖಾನೆಯ ಪಟವನ್ನು ಮದುವೆ ಪಟದ ಹಾಗೆ ಚೊಕ್ಕಟ ಮಾಡಬೇಡಿ. ಇಷ್ಟನ್ನು ನಾನು ಎಷ್ಟೋ ಜನರಿಗೆ ಕಲಿಸಿದ್ದೇನೆ. ಏಕೆ ಎಂದು ಮಾತ್ರ ಹೇಳಿರಲಿಲ್ಲ.

ಆರ್ಡರು ಬಂದ ಮೇಲಿನ ಭಾನುವಾರ ನಾನು ಕೇತಮಾರನಹಳ್ಳಿಗೆ ಹೋದೆ. ಕೈಗೆ ಕಾಗದ ಸಿಕ್ಕಿತ್ತಲ್ಲ, ಧೈರ್ಯ ಬಂದಿತ್ತು. ಹೊಸ ಬಡಾವಣೆಯ ರಸ್ತೆ ಮುಗಿದು ಹಳೆಯ ಹಟ್ಟಿ ಶುರುವಾಗುವ ಕಡೆ ಗಂಗಪ್ಪನ ಮನೆ. ಜಗುಲಿಯ ಮೇಲೆ ಕೂತು, ಎಡಗೈಯಲ್ಲಿ ಹಗ್ಗಕ್ಕೆ ಗಂಟು ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದ. ಹಗ್ಗದ ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದ. ಅವನ ಹೆಂಡತಿ ಬಾಗಿಲಿಗೆ ಬಂದು, "ಪಟ ತೆಗೆದೋರು ನೀವೇಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

"ಗಂಗಪ್ಪ, ಒಂದು ವಿಷಯ ಹೇಳಬೇಕಿತ್ತು" ಎಂದೆ. "ಆ ಪಟದಲ್ಲಿ ಒಂದು ಗೆರೆ ಇತ್ತು. ಪ್ರೆಸ್ಸು ಏರ್ತಿತ್ತು ಅಂತ ಅದರಿಂದ ಗೊತ್ತಾಗ್ತಿತ್ತು. ನಾನೇ ಅದನ್ನ ಕೆರೆದು ತೆಗೆದೆ."

"ಗೊತ್ತು ಸಾರ್. ಸೀಮೆಸುಣ್ಣದ ಗೆರೆ. ನೀವು ಎಳೆಯೋವಾಗ ಪಕ್ಕದಾಗೇ ನಿಂತಿದ್ನಲ್ಲ. ಪಟ ಕೈಗೆ ಬಂದಾಗ ನೋಡ್ದೆ, ಇರ್ನಿಲ್ಲ. ಚಂದ ಕಾಣ್ಲಿ ಅಂತ ತೆಗೆದವ್ರೆ ಅಂದ್ಕೊಂಡೆ."

"ಮತ್ತೆ ವಿಚಾರಣೇಲಿ ಯಾಕೆ ಅದನ್ನ ಹೇಳಲಿಲ್ಲ ನೀವು?"

"ನಾನು ಯೋಳಿದ್ರೆ ಯಾರು ಬರ್ಕೋತಾರೆ ಸಾರ್? ನೀವು ಯೋಳ್ತೀರಿ ಅಂತ ತಾನೇ ನಿಮ್ಮನ್ನ ಕರೆಸಿದ್ದು."

"ನನ್ನ ಕರೆಸಿದ್ದು ಕಂಪನಿಯೋರಲ್ವಾ?"

"ಅವ್ರಿಗೆ ನೀವ್ಯಾಕೆ ಸಾರ್, ಪಟ ಇತ್ತಲ್ಲ. ನಿನ್ನ ಕಡೆ ಸಾಕ್ಷಿ ಯಾರವ್ರೆ ಬರ್ಸು ಅಂದ್ರು. ನಮ್ಮ ಜೊತೆಯೋರೆಲ್ಲ ಮಕ್ಕಳೊಂದಿಗರು, ಅವ್ರ ಕೆಲಸಕ್ಕೆ ಯಾಕೆ ಕುತ್ತು ಅಂತ ಯಾರ್ದೂ ಬರೆಸ್ನಿಲ್ಲ. ನಿಮ್ಮದೊಂದೇ ಹೆಸರು ಬರೆಸಿದ್ದು. ನೀವು ಓದ್ದೋರು, ಮದ್ವೆ ಇಲ್ಲ, ನಿಮ್ಗೇನೂ ಆಗಕಿಲ್ಲ ಅಂತ."

ಅವನ ಹೆಂಡತಿ ಮಜ್ಜಿಗೆಯ ಲೋಟ ತಂದು ನನ್ನ ಮುಂದಿಟ್ಟಳು. ಗಂಗಪ್ಪ ಹಗ್ಗವನ್ನು ಪಕ್ಕಕ್ಕೆ ಸರಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು.

"ಆಗಿದ್ದು ಆಗೋಯ್ತು. ಲೇಬರ್ ಆಫೀಸರಿಗೆ ಅರ್ಜಿ ಕೊಟ್ಟಿವ್ನಿ ಸಾರ್. ನಾಳೆ ಸೋಮವಾರ ಹನ್ನೊಂದು ಗಂಟೆಗೆ ಕರೆದವ್ರೆ. ಅವ್ರು ಸರ್ಕಾರದೋರು, ಕಂಪನಿಯೋರಲ್ಲ. ನೀವು ಬಂದು ಈಗ ನನ್ನತ್ರ ಯೋಳಿದ್ದೇ ಅಲ್ಲಿ ಯೋಳ್ಬುಡಿ. ಸಾಕು. ಪ್ರೆಸ್ಸಿನ ಕೆಲಸ ಬ್ಯಾಡ ನಂಗೆ, ಗೇಟ್ ಕಾಯೋ ಕೆಲಸ ಕೊಟ್ರೂ ಮಾಡ್ತೀನಿ."

"ಬರ್ತೀನಿ ಗಂಗಪ್ಪ" ಎಂದೆ. ಎರಡು ಸಲ ಹೇಳಿದೆ. ಮಜ್ಜಿಗೆ ಕುಡಿದೆ. ಅವನು ಬಡಾವಣೆಯ ರಸ್ತೆಯವರೆಗೂ ನನ್ನ ಜೊತೆ ನಡೆದು ಬಂದ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಕಾರ್ಖಾನೆಗೆ ಹೋಗಿ ಹಾಜರಿ ಹಾಕಿದೆ. ಸಂಜೆ ಐದಕ್ಕೆ ಹೊರಗೆ ಬಂದೆ.